ಗೂಡಿಗೆ ತಕ್ಕಡಿಯಿದೆ, ಹಾಡಿಗೆ ಏಕಿಲ್ಲ?

ಚನ್ನಪಟ್ಟಣದ ಬಸ್ ನಿಲ್ದಾಣದ ಬಳಿ ಮೊಬೈಲು ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ಮೊನ್ನೆ ಸಂಜೆ ಅಲ್ಲೊಂದು ಗದ್ದಲವಾಯಿತು. ಅಂಗಡಿಯ ಹುಡುಗ ಪಂಜಾಬಿ ಹಾಡೊಂದನ್ನು ಗಟ್ಟಿಯಾಗಿ ಹಾಕಿದ್ದ. ಡೋಲಿನ ಬಡಿತ ರಸ್ತೆಯ ಆಚೆಗೂ ಕೇಳುತ್ತಿತ್ತು. ನಾಲ್ಕೈದು ಮಂದಿ ತರುಣರು ಬಂದು, "ಕನ್ನಡದ ನೆಲದಲ್ಲಿ ಇದೇನಯ್ಯಾ ನಿನ್ನ ಹಾಡು? ನಿಲ್ಲಿಸು" ಎಂದರು. "ಗಿರಾಕಿಗಳು ಕೇಳ್ತಾರೆ ಅಂತ ಹಾಕಿದ್ದೆ ಕಣಣ್ಣ" ಎಂದು ಹುಡುಗ ಸಣ್ಣ ದನಿಯಲ್ಲಿ ಹೇಳಿ ನಿಲ್ಲಿಸಿದ. ತರುಣರು ಗೆದ್ದ ಸಂತೋಷದಲ್ಲಿ ಹೊರಟುಹೋದರು.

ಅದೇ ಅಂಗಡಿಯ ಎದುರಿಗೆ ಒಬ್ಬ ಮುದುಕ ಕೂತಿದ್ದ. ಹೆಗಲಿಗೆ ಜೋಳಿಗೆ, ಕೈಯಲ್ಲಿ ಕಂಸಾಳೆ. ಮಾದಪ್ಪನ ಪದ ಹಾಡಿ ಬೇಡುವ ದೇವರಗುಡ್ಡ. ಆಗತಾನೆ ಕನ್ನಡವನ್ನು ಉಳಿಸಿದ್ದ ಆ ನಾಲ್ಕೈದು ಮಂದಿ ಅವನ ಮುಂದೆಯೇ ನಡೆದುಹೋದರು. ಒಬ್ಬನೂ ನಿಲ್ಲಲಿಲ್ಲ. ಒಂದು ಕಾಸೂ ಬೀಳಲಿಲ್ಲ.

ನಾವು ಇದನ್ನು ಬರೆಯುತ್ತಿರುವುದು ಆ ಅಂಗಡಿಯ ಹುಡುಗನ ಪರವಾಗಿ. ಆ ಮುದುಕನ ಪರವಾಗಿಯೂ ಹೌದು. ಅವರಿಬ್ಬರೂ ಒಬ್ಬರಿಗೊಬ್ಬರು ಶತ್ರುಗಳೆಂದು ನಂಬಿಸಲು ಹೊರಟವರ ವಿರುದ್ಧ ಬರೆಯುತ್ತಿದ್ದೇವೆ.

ಪಂಜಾಬಿ ಹಾಡು ಇಂದು ಲೋಕ ಸುತ್ತುತ್ತಿದೆ ಎಂಬುದು ಸುಳ್ಳಲ್ಲ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಸಂಗೀತ ಮೇಳದಲ್ಲಿ ದಿಲ್ಜಿತ್ ದೋಸಾಂಝ್ ತಲೆಗೆ ಪೇಟ ಸುತ್ತಿಕೊಂಡು ತನ್ನ ತಾಯಿನುಡಿಯಲ್ಲೇ ಹಾಡಿದ. ಮರುವರ್ಷ ಏಪ್ರಿಲ್‌ನಲ್ಲಿ ಕೆನಡಾದ ವ್ಯಾಂಕೂವರ್ ನಗರದ ಕ್ರೀಡಾಂಗಣದಲ್ಲಿ ಅವನ ಹಾಡು ಕೇಳಲು ಸೇರಿದ ಜನ 50 ಸಾವಿರಕ್ಕೂ ಹೆಚ್ಚು. 2024ರ ಡಿಸೆಂಬರ್ 6ರಂದು ನಮ್ಮ ಬೆಂಗಳೂರಿಗೇ ಬಂದ; ಟಿಕೆಟ್ಟಿನ ಬೆಲೆ ಸಾವಿರಗಳಲ್ಲಿತ್ತು, ಆದರೂ ಜನ ನೆರೆದರು. ಬಿಡದಿಯ ಕಾರ್ಖಾನೆಗಳ ಪಾಳಿ ಬಸ್ಸುಗಳಲ್ಲಿ, ರಾಮನಗರದ ನೂಲು ಬಿಚ್ಚುವ ಮನೆಗಳಲ್ಲಿ, ಕನಕಪುರದ ಮದುವೆ ಮೆರವಣಿಗೆಗಳಲ್ಲಿ ಈ ಹಾಡುಗಳು ಕೇಳಿಬರುತ್ತಿವೆ.

ಇದನ್ನು ಕಂಡು ನಮ್ಮಲ್ಲಿ ಎರಡು ಬಗೆಯ ಮಾತು ಹುಟ್ಟಿದೆ. ಒಂದು, "ನಿಲ್ಲಿಸಿ, ಓಡಿಸಿ" ಎಂಬ ಬೀದಿಯ ಮಾತು. ಇನ್ನೊಂದು ವಿದ್ಯಾವಂತ ಮಹಾಶಯರ ಮಾತು: "ಏನು ಮಾಡೋಣ ಹೇಳಿ, ಪಂಜಾಬಿನ ಡೋಲಿಗಿರುವ ಕಸುವು ನಮ್ಮ ತಮಟೆಗಿಲ್ಲ. ಕನ್ನಡದ ಹಾಡು ತುಮಕೂರು ದಾಟುವುದಿಲ್ಲ." ಮೊದಲನೆಯದು ಮುಷ್ಟಿಯ ಮಾತು, ಎರಡನೆಯದು ನಿಟ್ಟುಸಿರಿನ ಮಾತು. ಎರಡರಲ್ಲಿಯೂ ಹಾಡುವವನ ಕೂಲಿಯ ಸುದ್ದಿ ಇಲ್ಲ. ಆ ಸುದ್ದಿಯನ್ನು ಎತ್ತದೆ ಈ ಚರ್ಚೆಗೆ ತಲೆಬುಡವಿಲ್ಲ.

ಎರಕದ ಮನೆಯಲ್ಲಿ ಬೆಳೆದ ಹಾಡು

ಪಂಜಾಬಿ ಹಾಡನ್ನು ಲೋಕಕ್ಕೆ ಕೊಂಡೊಯ್ದವರು ಯಾರು? ಬೊಂಬಾಯಿಯ ಸಿನಿಮಾ ಧಣಿಗಳೆ? ದೆಹಲಿಯ ಸರಕಾರವೆ? ಎರಡೂ ಅಲ್ಲ. ಕೊಂಡೊಯ್ದವರು ಕೂಲಿಕಾರರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಆಳುಗಳು ಸಾಲಲಿಲ್ಲ. ಜಾಲಂಧರ, ಹೋಷಿಯಾರ್‌ಪುರದ ಸಣ್ಣ ಹಿಡುವಳಿಯ ಮನೆಗಳಿಂದ ತರುಣರು ಹಡಗು ಹತ್ತಿದರು. ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆಥಿಕ್ ಎಂಬ ಊರಿನ ಎರಕದ ಮನೆಗಳಲ್ಲಿ ಕಬ್ಬಿಣ ಕರಗಿಸಿದರು. ಲಂಡನ್ನಿನ ಅಂಚಿನ ಸೌತಾಲ್‌ನಲ್ಲಿ ರಬ್ಬರ್ ಕಾರ್ಖಾನೆಯ ಹೊಗೆ ಕುಡಿದರು. ಬಿಳಿಯರು ಬೇಡವೆಂದ ಕೆಲಸವೆಲ್ಲ ಇವರ ಪಾಲು. ಸಂಜೆ ದಣಿದು ಬಂದರೆ ಹೆಂಡದಂಗಡಿಯಲ್ಲಿ ಕರಿಯರಿಗೆ ಬೇರೆ ಕೋಣೆ. ಬಾಡಿಗೆಗೆ ಮನೆ ಇಲ್ಲ.

ಅವರು ಸುಮ್ಮನಿರಲಿಲ್ಲ. 1938ರಲ್ಲಿ ಕಾವೆಂಟ್ರಿಯಲ್ಲಿ ಹುಟ್ಟಿದ್ದ ಭಾರತೀಯ ಕಾರ್ಮಿಕರ ಸಂಘವನ್ನು ಬೆಳೆಸಿದರು. ಅಮೆರಿಕದ ನೀಗ್ರೋ ಜನರ ನಾಯಕ ಮಾಲ್ಕಮ್ ಎಕ್ಸ್, ತಾನು ಕೊಲೆಯಾಗುವುದಕ್ಕೆ ಕೆಲವೇ ದಿನ ಮುಂಚೆ, 1965ರ ಫೆಬ್ರುವರಿಯಲ್ಲಿ ಸ್ಮೆಥಿಕ್ಕಿಗೆ ಬಂದದ್ದು ಈ ಸಂಘದ ಕರೆಯ ಮೇರೆಗೆ. ಅದೇ ವರ್ಷ ಸೌತಾಲ್‌ನ ರಬ್ಬರ್ ಕಾರ್ಖಾನೆಯಲ್ಲಿ ಪಂಜಾಬಿ ಕಾರ್ಮಿಕರು ವಾರಗಟ್ಟಲೆ ಮುಷ್ಕರ ಹೂಡಿದರು. 1976ರಲ್ಲಿ ಅದೇ ಸೌತಾಲ್‌ನ ಬೀದಿಯಲ್ಲಿ ಗುರುದೀಪ್ ಸಿಂಗ್ ಚಗ್ಗರ್ ಎಂಬ ತರುಣನನ್ನು ಇರಿದು ಕೊಂದಾಗ ಅಲ್ಲಿನ ಯುವಕರೆಲ್ಲ ಬೀದಿಗಿಳಿದರು.

ಹಾಡು ಹುಟ್ಟಿದ್ದು ಈ ಜನರ ನಡುವೆ. 1967ರಲ್ಲಿ ಸ್ಮೆಥಿಕ್‌ನಲ್ಲಿ ಭುಜಂಗಿ ಗ್ರೂಪ್ ಎಂಬ ತಂಡ ಕಟ್ಟಿಕೊಂಡರು. 1977ರಲ್ಲಿ ಸೌತಾಲ್‌ನಲ್ಲಿ ಚನ್ನಿ ಸಿಂಗ್ ಅವರ ಆಲಾಪ್ ತಂಡ ಬಂತು. ಸುಗ್ಗಿಯ ಕುಣಿತದ ಡೋಲಿನ ಪಕ್ಕಕ್ಕೆ ಗಿಟಾರು, ಕೀಬೋರ್ಡು ಕೂತವು. ಮದುವೆ ಮನೆ ಅವರ ರಂಗಸ್ಥಳ. ದುಡ್ಡು ಕೊಟ್ಟವನು ಯಾರು? ಮಗಳ ಮದುವೆಗೆ ಪಾಳಿಯ ಮೇಲೆ ಪಾಳಿ ದುಡಿದು ಕೂಡಿಟ್ಟ ಕಾರ್ಖಾನೆಯ ಆಳು. ಹಾಡಿದವನಿಗೂ ಕೇಳಿದವನಿಗೂ ನಡುವೆ ದಲ್ಲಾಳಿ ಇರಲಿಲ್ಲ.

ತರಕಾರಿ ಅಂಗಡಿಯ ಕ್ಯಾಸೆಟ್ಟು

ಈಗ ನಮ್ಮ ಅಂಗಡಿ ಬಂಧುಗಳು ಗಮನವಿಟ್ಟು ಕೇಳಬೇಕು. ಆ ಹಾಡುಗಳ ಕ್ಯಾಸೆಟ್ಟುಗಳು ಎಲ್ಲಿ ಮಾರಾಟವಾಗುತ್ತಿದ್ದವು? ಲಂಡನ್ನಿನ ಗಾಜಿನ ಬಾಗಿಲಿನ ರೆಕಾರ್ಡ್ ಅಂಗಡಿಗಳಲ್ಲಲ್ಲ. ಬೇಳೆ ಮಸಾಲೆ ಮಾರುವ ಅಂಗಡಿಯಲ್ಲಿ, ಬಟ್ಟೆಯಂಗಡಿಯಲ್ಲಿ, ಮಿಠಾಯಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ಬ್ರಿಟನ್ನಿನಲ್ಲಿ ಯಾವ ಹಾಡು ಎಷ್ಟು ಮಾರಿತು ಎಂದು ಪಟ್ಟಿ ಮಾಡುವವರು ಈ ಅಂಗಡಿಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಸಾವಿರ ಸಾವಿರ ಕ್ಯಾಸೆಟ್ಟು ಮಾರಿದರೂ ಪಟ್ಟಿಯಲ್ಲಿ ಪಂಜಾಬಿ ಹಾಡಿನ ಹೆಸರಿಲ್ಲ! ದೊಡ್ಡವರ ಲೆಕ್ಕದ ಪುಸ್ತಕದಲ್ಲಿ ಇಲ್ಲದಿದ್ದರೂ ಆ ಹಾಡು ಬದುಕಿತ್ತು, ಹೊಟ್ಟೆ ತುಂಬಿಸುತ್ತಿತ್ತು. 1980ರ ದಶಕದಲ್ಲಿ ರಾತ್ರಿ ಹೊರಗೆ ಹೋಗಲು ಮನೆಯಲ್ಲಿ ಬಿಡದ ಮಕ್ಕಳು ಹಾಡುಹಗಲೇ ಸಭಾಂಗಣಗಳಲ್ಲಿ ಸೇರಿ ಈ ಹಾಡಿಗೆ ಕುಣಿದರು.

ಆ ಮಕ್ಕಳ ಪೀಳಿಗೆಯಿಂದಲೇ ಮುಂದಿನವರು ಬಂದರು. ಕಾವೆಂಟ್ರಿಯ ಪಂಜಾಬಿ ಎಂಸಿ 1998ರಲ್ಲಿ ಹೊರತಂದಿದ್ದ ಹಾಡೊಂದು 2003ರಲ್ಲಿ ಬ್ರಿಟನ್ನಿನ ಮೊದಲ ಹತ್ತರೊಳಗೆ ನುಗ್ಗಿತು. ಮೂವತ್ತು ವರ್ಷ ಕೂಲಿಕಾರನೂ ಅಂಗಡಿಯವನೂ ಸಾಕಿದ ಹಾಡನ್ನು ಆಗ ದೊಡ್ಡ ಕಂಪನಿಗಳು ಕಣ್ಣುಬಿಟ್ಟು ನೋಡಿದವು. ದಿಲ್ಜಿತ್ ಹತ್ತಿದ ವೇದಿಕೆಗೆ ಅಡಿಪಾಯದ ಕಲ್ಲು ಹೊತ್ತವರು ಸ್ಮೆಥಿಕ್ಕಿನ ಎರಕದ ಆಳುಗಳು. ಆದ್ದರಿಂದ ಚನ್ನಪಟ್ಟಣದ ಅಂಗಡಿಯಲ್ಲಿ ಮೊಳಗುವ ಆ ಡೋಲು ನಮಗೆ ಪರಕೀಯನದಲ್ಲ. ನಮ್ಮಂತೆಯೇ ದುಡಿದು ತಿನ್ನುವವನದು.

ಹಾಡು ಗಡಿ ದಾಟುವುದು ಹೊಸ ಸಂಗತಿಯೂ ಅಲ್ಲ. ನಮ್ಮ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರಿಸಿ 1975ರ ಆಗಸ್ಟ್ 15ರಂದು ತೆರೆ ಕಂಡ 'ಶೋಲೆ'ಯನ್ನು ನೋಡದವರಾರು? ಅದರಲ್ಲಿ ಡಕಾಯಿತರ ಬೀಡಿನಲ್ಲಿ ಕುಣಿಯುವ 'ಮೆಹಬೂಬಾ' ಹಾಡಿನ ಧಾಟಿ ಡೆಮಿಸ್ ರೂಸೋಸ್ ಎಂಬ ಗ್ರೀಕ್ ಗಾಯಕ ಹಾಡಿದ್ದ ಧಾಟಿ. ಗ್ರೀಕರ ಧಾಟಿ ಹಿಂದಿಯ ಮಾತಿನಲ್ಲಿ ನಮ್ಮ ಬೆಟ್ಟದ ಬುಡದಲ್ಲಿ ಕುಣಿಯಿತು, ಇಡೀ ಭಾರತ ಶಿಳ್ಳೆ ಹೊಡೆಯಿತು. ಯಾವ ಹಾಡನ್ನು ಯಾವ ಗಡಿಯಲ್ಲಿ ಹಿಡಿದು ನಿಲ್ಲಿಸುತ್ತೀರಿ, ಸ್ವಾಮಿ?

ಜೇನಿನ ಜೊತೆಗೆ ವಿಷ

ಹಾಗೆಂದು ಪಂಜಾಬಿನದೆಲ್ಲ ಜೇನು ಎಂದು ನಾವು ಹೇಳುತ್ತಿಲ್ಲ. ಲುಧಿಯಾನದ ಬಟ್ಟೆ ಗಿರಣಿಯಲ್ಲಿ ದುಡಿದ ಒಬ್ಬ ದಲಿತ ಹುಡುಗನಿದ್ದ. ಹೆಸರು ಧನಿರಾಮ್. ಅಮರ್ ಸಿಂಗ್ ಚಮ್ಕೀಲಾ ಎಂದು ಹೆಸರಿಟ್ಟುಕೊಂಡು ಹಾಡಲು ನಿಂತ. ಹಳ್ಳಿ ಹಳ್ಳಿಯಲ್ಲಿ ಅವನ ಹಾಡಿಗೆ ಜನ ಮುಗಿಬಿದ್ದರು. 1988ರ ಮಾರ್ಚ್ 8ರಂದು ಮೆಹಸಂಪುರ ಎಂಬ ಊರಿಗೆ ಹಾಡಲು ಬಂದು ಕಾರಿನಿಂದ ಇಳಿಯುತ್ತಿದ್ದಾಗಲೇ ಅವನನ್ನೂ ಅವನ ಜೊತೆ ಹಾಡುತ್ತಿದ್ದ ಹೆಂಡತಿ ಅಮರ್‌ಜೋತಳನ್ನೂ ಗುಂಡಿಟ್ಟು ಕೊಂದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಅವನ ಹಾಡುಗಳು ಮಾತ್ರ ಇಂದಿಗೂ ಮಾರುತ್ತಿವೆ. 2024ರಲ್ಲಿ ಅವನ ಬದುಕೇ ಸಿನಿಮಾ ಆಗಿ ಮಾರಿತು. 2022ರ ಮೇ 29ರಂದು ಸಿದ್ಧು ಮೂಸೆವಾಲಾ ಎಂಬ ಗಾಯಕನಿಗೂ ಗುಂಡಿನ ಸಾವೇ ಬಂತು.

ಕಾರು, ಬಂದೂಕು, ಹೆಂಡ, ಜಮೀನ್ದಾರಿ ಜಂಬ ಇಷ್ಟೇ ತುಂಬಿದ ಹಾಡುಗಳು ಈಗ ಬೇಕಾದಷ್ಟಿವೆ. ಎರಕದ ಮನೆಯ ಆಳು ಹಾಡನ್ನು ಸಾಕುತ್ತಿದ್ದಾಗ ಅವನ ಮದುವೆ, ಅವನ ಊರಿನ ನೆನಪು, ಅವನ ನಗೆಚಾಟಿಕೆ ಹಾಡಿನೊಳಗೆ ಬಂದವು. ಹಾಡು ಕಂಪನಿಗಳ ಕೈಗೆ ಸಿಕ್ಕ ಮೇಲೆ, ಮಾರುವ ಸರಕು ಯಾವುದೋ ಅದನ್ನೇ ಹಾಡು ಹೊಗಳತೊಡಗಿತು. ಇದು ಪಂಜಾಬಿಗರ ಗುಣದೋಷವಲ್ಲ, ಬಂಡವಾಳದ ಗುಣ. ಅದೇ ಬಂಡವಾಳ ಕನ್ನಡಕ್ಕೆ ಬಂದಾಗ ಬೇರೆ ವೇಷ ತೊಡುವುದಿಲ್ಲ. ನಮ್ಮದೇ ಹುಡುಗರ ಕನ್ನಡ ರ‍್ಯಾಪ್ ಹಾಡುಗಳಲ್ಲಿ ಹೆಂಡದ ಹೊಗಳಿಕೆ ಕಡಿಮೆಯೇನಿಲ್ಲ. ಭಾಷೆ ಕನ್ನಡವಾದ ಮಾತ್ರಕ್ಕೆ ಹಾಡು ಜನರದಾಗುವುದಿಲ್ಲ.

ನಮ್ಮ ಮನೆಯ ಲೆಕ್ಕ

ಇನ್ನು ನಮ್ಮ ಮನೆಯ ಲೆಕ್ಕ ನೋಡೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ತಾಲ್ಲೂಕುಗಳಿಗೆ ಹಾಡಿನ ಬರವೆ? ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ದೇವರಗುಡ್ಡರು, ತಂಬೂರಿ ಮೀಟಿ ಮಂಟೇಸ್ವಾಮಿ ಸಿದ್ದಪ್ಪಾಜಿಯರ ಪದ ಹಾಡುವ ನೀಲಗಾರರು, ಪೂಜಾ ಕುಣಿತ, ಪಟ ಕುಣಿತ, ತಮಟೆಯವರು, ಮದುವೆ ಮನೆಯ ಸೋಬಾನೆ ಹೆಂಗಸರು. ಶಿವರಾತ್ರಿಗೆ ಮುಂಚೆ ಕನಕಪುರದ ಕಡೆಯಿಂದ ಭಕ್ತರು ಕಾಲುನಡಿಗೆಯಲ್ಲಿ ಹೊರಟು, ಸಂಗಮದಲ್ಲಿ ಕಾವೇರಿ ದಾಟಿ, ಕಾಡು ಹಾಯ್ದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತಾರಲ್ಲ, ಆ ದಾರಿಯುದ್ದಕ್ಕೂ ಕಾಲಿಗೆ ಬಲ ಕೊಡುವುದು ಹಾಡು. ಬಾನಂದೂರು ಕೆಂಪಯ್ಯನವರೂ ಅಪ್ಪಗೆರೆ ತಿಮ್ಮರಾಜು ಅವರೂ ತಮ್ಮ ಹೆಸರಿನ ಜೊತೆಗೆ ಊರನ್ನೂ ನಾಡೆಲ್ಲ ಹೊತ್ತು ಹಾಡಿದವರು. ಹಾಡಿಗೆ ಕಸುವಿಲ್ಲ ಎಂದ ಮಹಾಶಯರು ಒಂದು ರಾತ್ರಿ ಕಂಸಾಳೆಯ ಮುಂದೆ ಕೂತು ಬರಲಿ.

ಕೇಳುವ ಜನರಿಲ್ಲ ಎನ್ನುವುದೂ ಸುಳ್ಳು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು ಬಂದಾಗ ಸಿನಿಮಾ ಇಲ್ಲದೆಯೂ ಕನ್ನಡದ ಹಾಡು ಮನೆಮನೆ ಮುಟ್ಟಿತು. 2005ರಲ್ಲಿ ಸಿ. ಅಶ್ವತ್ಥರು ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿದಾಗ ಜನಸಾಗರವೇ ನೆರೆದಿತ್ತು. ಮಳವಳ್ಳಿ ಮಹದೇವಸ್ವಾಮಿಯವರ ಮಾದಪ್ಪನ ಕಥೆ ಯಾವ ಚಹಾದ ಅಂಗಡಿಯಲ್ಲಿ ಮೊಳಗಿಲ್ಲ? ಹಾಡೂ ಇತ್ತು, ಜನರೂ ಇದ್ದರು. ಇರದೆ ಇದ್ದದ್ದು ಹಾಡುವವನ ಪಾಲು.

ಒಂದೇ ಉದಾಹರಣೆ ಸಾಕು. ದೇವರಗುಡ್ಡರ ಬಾಯಲ್ಲಿ ತಲೆತಲಾಂತರದಿಂದ ಇರುವ ಕೋಲುಮಂಡೆ ಜಂಗಮನ ಪದ 1996ರಲ್ಲಿ 'ಜನುಮದ ಜೋಡಿ' ಚಿತ್ರಕ್ಕೆ ಬಂತು. ಎಲ್. ಎನ್. ಶಾಸ್ತ್ರಿಯವರು ಸೊಗಸಾಗಿ ಹಾಡಿದರು, ರಾಜ್ಯ ಪ್ರಶಸ್ತಿಯೂ ಬಂತು. 2020ರ ಆಗಸ್ಟ್‌ನಲ್ಲಿ ಚಂದನ್ ಶೆಟ್ಟಿಯವರು ಅದನ್ನೇ ರ‍್ಯಾಪ್ ಮಾಡಿ ಬಿಟ್ಟರು. ಭಕ್ತರು ಕೆರಳಿದರು. ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ಸರಿಯಲ್ಲವೆಂದು ಕೂಗೆದ್ದಿತು. ಕೊನೆಗೆ ಕ್ಷಮೆ ಕೇಳಿದ್ದಾಯಿತು, ವಿಡಿಯೋ ತೆಗೆದದ್ದೂ ಆಯಿತು. ಆ ಗಾಯಕರ ಮೇಲೆ ನಮಗೆ ಹಗೆಯಿಲ್ಲ. ಅವರು ಕಾಯಿದೆ ಮೀರಿದರೆಂದೂ ನಾವು ಹೇಳುತ್ತಿಲ್ಲ. ಆದರೆ ಆ ಗದ್ದಲದಲ್ಲಿ ಮುಳುಗಿಹೋದ ಪ್ರಶ್ನೆ ಒಂದಿದೆ. ದೇವಿಯ ಮಾನದ ಬಗೆಗೆ ಅಷ್ಟೊಂದು ಬಾಯಿ ತೆರೆಯಿತು; ಆ ಪದವನ್ನು ಇಷ್ಟು ಶತಮಾನ ಕಾಪಾಡಿದ ದೇವರಗುಡ್ಡನ ಅನ್ನದ ಬಗೆಗೆ ಎಷ್ಟು ಬಾಯಿ ತೆರೆಯಿತು?

ರಾಮನಗರದ ಹೆದ್ದಾರಿಯ ಬದಿಯಲ್ಲಿ ಜಾನಪದ ಲೋಕವಿದೆ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕವನ್ನು ತೆರೆದರು. ಹಳ್ಳಿ ಹಳ್ಳಿ ಅಲೆದು ಹಾಡು ಕಥೆಗಳನ್ನು ಧ್ವನಿಮುದ್ರಿಸಿ ಕೂಡಿಟ್ಟ ಆ ಹಿರಿಯರ ಋಣ ದೊಡ್ಡದು. ಆದರೆ ಬೀಜವನ್ನು ಕಣಜದಲ್ಲಿ ಕಾಪಾಡಿದ್ದು ಒಬ್ಬರ ಪುಣ್ಯ; ಅದನ್ನು ಹೊಲಕ್ಕೆ ಬಿತ್ತಿ ಒಕ್ಕಲಿಗನ ಮನೆಗೆ ಧಾನ್ಯ ತರುವುದು ನಮ್ಮೆಲ್ಲರ ಕೆಲಸ. ಆ ಕೆಲಸವನ್ನು ನಾವು ಮಾಡಿಲ್ಲ.

ಗೂಡಿನಿಂದ ಕಲಿಯೋಣ

ಹಾಡಿಗೆ ಬೆಲೆ ಕಟ್ಟುವುದು ಹೇಗೆ, ಅದೇನು ರಾಗಿಯೆ, ಬೆಲ್ಲವೆ ಎಂದು ಕೇಳುವವರಿದ್ದಾರೆ. ಅವರನ್ನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಬೇಕು. ಒಂದು ಕಾಲದಲ್ಲಿ ದಲ್ಲಾಳಿ ಮನೆ ಬಾಗಿಲಿಗೆ ಬಂದು ಕಣ್ಣಂದಾಜಿನಲ್ಲಿ ಗೂಡು ಎತ್ತಿಕೊಂಡು ಹೋಗುತ್ತಿದ್ದ. ಅವನು ಹೇಳಿದ್ದೇ ತೂಕ, ಕೊಟ್ಟದ್ದೇ ಬೆಲೆ. 1959ರಲ್ಲಿ ಕಾಯಿದೆ ಬಂತು. ಗೂಡು ಸರಕಾರದ ಮಾರುಕಟ್ಟೆಗೆ ಬರಬೇಕು, ಎಲ್ಲರ ಕಣ್ಣೆದುರು ಹರಾಜಾಗಬೇಕು, ತಕ್ಕಡಿಯಲ್ಲಿ ತೂಗಬೇಕು ಎಂದಾಯಿತು. ಈಗ ಇ-ಹರಾಜೂ ಬಂದಿದೆ. ಮೋಸ ಪೂರ್ತಿ ನಿಂತಿದೆಯೆಂದು ಯಾವ ರೇಷ್ಮೆ ಬೆಳೆಗಾರನೂ ಹೇಳಲಾರ, ಯಾವ ಬಿಚ್ಚಾಣಿಕೆದಾರನೂ ಹೇಳಲಾರ. ಆದರೆ ಜಗಳವಾಡಲು ಒಂದು ತಕ್ಕಡಿಯಾದರೂ ಇದೆ. ನಮ್ಮ ಚನ್ನಪಟ್ಟಣದ ಅರಗಿನ ಬೊಂಬೆಗೂ 2005-06ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಬೇರೆಲ್ಲೋ ಮಾಡಿದ ಬೊಂಬೆಗೆ ಚನ್ನಪಟ್ಟಣದ ಹೆಸರು ಹಚ್ಚಿ ಮಾರಿದರೆ ಕೇಳುವ ಹಕ್ಕಿದೆ. ಗೂಡಿಗೆ ತಕ್ಕಡಿಯಿದೆ, ಬೊಂಬೆಗೆ ಮುದ್ರೆಯಿದೆ. ಹಾಡಿಗೆ?

ಕಾಯಿದೆ ಏನು ಹೇಳುತ್ತದೆ ನೋಡಿ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡು ಬರೆದವನಿಗೆ ಹಕ್ಕಿದೆ, ರಾಗ ಹಾಕಿದವನಿಗೆ ಹಕ್ಕಿದೆ, ದುಡ್ಡು ಹಾಕಿ ಧ್ವನಿಮುದ್ರಣ ಮಾಡಿಸಿದವನಿಗೆ 60 ವರ್ಷದ ಹಕ್ಕಿದೆ. ಮಾದಪ್ಪನ ಪದ ಬರೆದವರು ಯಾರು? ಹೆಸರಿಲ್ಲ. ಹೆಸರಿಲ್ಲದ ಮೇಲೆ ಒಡೆಯನಿಲ್ಲ. ಒಡೆಯನಿಲ್ಲದ್ದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಂಡು ಮುದ್ರಿಸಿದವನು ಆ ಮುದ್ರಣಕ್ಕೆ ಒಡೆಯ. ಜನಪದರ ಹಾಡಿಗೆ ಆ ಜನರನ್ನೇ ಒಡೆಯರನ್ನಾಗಿ ಮಾಡುವ ಕಾಯಿದೆ ನಮ್ಮ ದೇಶದಲ್ಲಿ ಇಲ್ಲ.

ಆದರೂ ಒಂದು ಕಿಂಡಿಯಿದೆ. ಅದನ್ನು ನಮ್ಮ ಹಾಡುಗಾರರಿಗೆ ಯಾರೂ ಹೇಳಿಕೊಟ್ಟಿಲ್ಲ. 1994ರ ತಿದ್ದುಪಡಿಯಿಂದ ಹಾಡುವವನಿಗೆ ತನ್ನ ಹಾಡುಗಾರಿಕೆಯ ಮೇಲೆಯೇ ಹಕ್ಕು ಬಂದಿದೆ. ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯಿಂದ, ಅವನು ಸಿನಿಮಾಕ್ಕೆ ಒಪ್ಪಿಗೆ ಬರೆದುಕೊಟ್ಟಿದ್ದರೂ, ಆ ಹಾಡುಗಾರಿಕೆಯನ್ನು ವ್ಯಾಪಾರಕ್ಕೆ ಬಳಸಿದಾಗ ಸಂಭಾವನೆಯ ಪಾಲು ಕೇಳಬಹುದು. ಪದ ಯಾರದೂ ಅಲ್ಲದಿರಬಹುದು, ದನಿ ಮಾತ್ರ ಹಾಡಿದವನದು. ಜಾತ್ರೆಯಲ್ಲಿ ಹಾಡುವ ಮುದುಕನನ್ನು ಕೇಳದೆಯೇ ಮೊಬೈಲಿನಲ್ಲಿ ಹಿಡಿದು, ತನ್ನ ಹೆಸರಿನಲ್ಲಿ ಏರಿಸಿ ದುಡ್ಡು ಮಾಡುವವನು ಆ ದನಿಯನ್ನು ಕದಿಯುತ್ತಿದ್ದಾನೆ.

ಹೊಸ ಕಾಲದ ಧಣಿಗಳ ಲೆಕ್ಕ ಇನ್ನೂ ಚೆನ್ನಾಗಿದೆ. ಸ್ಪಾಟಿಫೈ ಕಂಪನಿ 2024ರಿಂದ ಒಂದು ನಿಯಮ ಮಾಡಿಕೊಂಡಿದೆ: ಹನ್ನೆರಡು ತಿಂಗಳಲ್ಲಿ ಒಂದು ಸಾವಿರ ಸಲವಾದರೂ ಕೇಳದ ಹಾಡಿಗೆ ಒಂದು ಕಾಸೂ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಒಂದು ಸಾವಿರ ಚಂದಾದಾರರು ಬೇಕು. ಜೊತೆಗೆ ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ಜನ ನೋಡಿರಬೇಕು, ಇಲ್ಲವೆ ತುಂಡು ವಿಡಿಯೋಗಳನ್ನು ಮೂರು ತಿಂಗಳಲ್ಲಿ ಒಂದು ಕೋಟಿ ಸಲ ನೋಡಿರಬೇಕು. ಮಾಗಡಿಯ ಸೀಮೆಯ ಅಜ್ಜಿಯೊಬ್ಬಳ ಸೋಬಾನೆಯನ್ನು ಒಂಬೈನೂರು ಸಲ ಕೇಳಿದರೆ ಅಜ್ಜಿಗೆ ಸೊನ್ನೆ. ಒಂಬೈನೂರು ಸಲ ಕೇಳಿದ್ದು ಸುಳ್ಳೆ? ಇದು ಸೇರಿಗಿಂತ ಕಡಿಮೆ ಇರುವ ಗೂಡನ್ನು ಪುಕ್ಕಟೆ ಸುರಿದು ಹೋಗು ಎಂದಂತೆ.

ಅಂಗಡಿಯವರಿಗೆ ಒಂದು ಮಾತು

ಅಂಗಡಿ, ಹೋಟೆಲು, ಕಲ್ಯಾಣ ಮಂಟಪ ನಡೆಸುವ ಬಂಧುಗಳಿಗೆ ಹಾಡಿನ ಲೈಸೆನ್ಸು ಕೇಳುವ ನೋಟೀಸು ಹೊಸದಲ್ಲ. ಗಿರಾಕಿಗಳಿಗಾಗಿ ಮುದ್ರಿತ ಹಾಡು ಹಾಕಿದರೆ ಹಕ್ಕುದಾರರಿಗೆ ಹಣ ಕೊಡಬೇಕೆಂಬುದು ಕಾಯಿದೆ. ಹಾಡಿದವರಿಗೆ, ಬರೆದವರಿಗೆ ಅದು ತಲುಪುವುದಾದರೆ ನಮಗೆ ಸಂತೋಷವೇ. ಆದರೆ ಅದೇ ಕಾಯಿದೆಯ 52ನೆಯ ಕಲಮು ಮದುವೆ, ಮದುವೆಯ ಮೆರವಣಿಗೆ, ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ ಎಂಬುದನ್ನು ಎಷ್ಟು ಮಂದಿಗೆ ತಿಳಿಸಲಾಗಿದೆ? 2023ರ ಜುಲೈನಲ್ಲಿ ಕೇಂದ್ರ ಸರಕಾರವೇ ಇದನ್ನು ಸಾರ್ವಜನಿಕ ಪ್ರಕಟಣೆಯಲ್ಲಿ ಮತ್ತೆ ಹೇಳಬೇಕಾಯಿತು. ನೋಟೀಸು ಬಂದೊಡನೆ ಹೆದರಿ ಕೊಡಬೇಡಿ. ಯಾರ ಪರವಾಗಿ ಕೇಳುತ್ತಿದ್ದೀರಿ, ಯಾವ ಹಾಡುಗಳ ಪಟ್ಟಿ ನಿಮ್ಮಲ್ಲಿದೆ, ರಸೀದಿ ಎಲ್ಲಿ ಎಂದು ಕೇಳಿ. ಕೊಡಬೇಕಾದ್ದನ್ನು ಕೊಡಿ, ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕನ್ನು ಬಿಡಬೇಡಿ.

ಆಕ್ಷೇಪಗಳಿಗೆ ಉತ್ತರ

"ದೇವರ ಪದಕ್ಕೆ ದುಡ್ಡೆ? ಛೇ!" ಎನ್ನುವ ಭಕ್ತಶಿರೋಮಣಿಗಳಿದ್ದಾರೆ. ಅದೇ ದೇವರ ಪದವನ್ನು ಮುದ್ರಿಸಿ ಮಾರಿದ ಕಂಪನಿ ದುಡ್ಡು ಎಣಿಸುವಾಗ ಇವರ ಭಕ್ತಿ ಎಲ್ಲಿ ಮಲಗಿರುತ್ತದೆ? ಗುಡಿ ಕಟ್ಟಿದ ಒಡ್ಡನಿಗೆ ಕೂಲಿ ಕೊಟ್ಟರೆ ದೇವರು ಮೈಲಿಗೆಯಾಗುವುದಿಲ್ಲ. ಹಾಡಿದ ಗುಡ್ಡನಿಗೆ ಕೂಲಿ ಕೊಟ್ಟರೆ ಆಗುತ್ತದೆಯೆ?

"ಸರಕಾರ ಕಲಾವಿದರಿಗೆ ಮಾಸಾಶನ ಕೊಡುತ್ತಿದೆಯಲ್ಲ" ಎನ್ನುವವರಿದ್ದಾರೆ. ಕೊಡಲಿ, ಹೆಚ್ಚಿಸಿಯೇ ಕೊಡಲಿ. ಆದರೆ ಅದು ದುಡಿಯಲಾರದ ಮುಪ್ಪಿಗೆ ಆಸರೆ, ದುಡಿದದ್ದರ ಕೂಲಿಯಲ್ಲ. ಮೂವತ್ತು ವರ್ಷದ ಕೂಲಿಯನ್ನು ನುಂಗಿ ಮುಪ್ಪಿನಲ್ಲಿ ಗಂಜಿ ಹಾಕುವುದನ್ನು ದಾನವೆಂದು ಕರೆಯಬಾರದು.

"ಒಬ್ಬೊಬ್ಬ ಹಾಡುಗಾರ ಕಂಪನಿಯೆದುರು ನಿಲ್ಲುವುದುಂಟೆ?" ಎನ್ನುವವರ ಮಾತು ಮಾತ್ರ ನಿಜ. ಒಬ್ಬ ನಿಲ್ಲಲಾರ. ಒಂದು ತಂಬಿಗೆ ಹಾಲು ಹಿಡಿದು ಬೆಂಗಳೂರಿಗೆ ಹೋದರೆ ಯಾರೂ ಮೂಸಿ ನೋಡುವುದಿಲ್ಲ. ಅದೇ ಹಾಲು ಊರ ಡೈರಿಯ ಕ್ಯಾನಿಗೆ ಬಿದ್ದರೆ ಬೆಲೆ ಬರುತ್ತದೆ. ಹಾಲಿಗೆ ಸಹಕಾರ ಸಂಘ ಕಟ್ಟಿದ ಜನ ಹಾಡಿಗೆ ಕಟ್ಟಲಾರರೆ?

ನಾವು ಕೇಳುವುದು

ಒಂದು: ನಾಲ್ಕು ತಾಲ್ಲೂಕಿನ ಹಾಡುಗಾರರು, ವಾದ್ಯಗಾರರು, ಕುಣಿತದವರು, ಹೆಂಗಸರೂ ಸೇರಿ, ತಮ್ಮದೇ ಸಹಕಾರ ಸಂಘ ಕಟ್ಟಬೇಕು. ಯೂಟ್ಯೂಬಿನಲ್ಲಿ ಎಲ್ಲರ ಹಾಡೂ ಸಂಘದ ಒಂದೇ ಚಾನೆಲ್ಲಿನಲ್ಲಿ ಬರಲಿ. ಒಬ್ಬ ಅಜ್ಜಿ ದಾಟಲಾರದ ಸಾವಿರದ ಹೊಸ್ತಿಲನ್ನು ನೂರು ಮಂದಿ ಕೂಡಿ ದಾಟಬಹುದು. ಬಂದ ಹಣದ ಲೆಕ್ಕ ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರಲಿ.

ಎರಡು: ಬರವಣಿಗೆಯ ಕರಾರಿಲ್ಲದೆ ಯಾವ ಹಾಡುಗಾರನೂ ಯಾವ ಕಂಪನಿಗೂ ಹಾಡಬಾರದು. ಕರಾರು ಕನ್ನಡದಲ್ಲಿರಬೇಕು. ಓದಲು ಬಾರದವರಿಗೆ ಸಂಘದವರು ಓದಿ ಹೇಳಬೇಕು.

ಮೂರು: ಜನಪದ ಹಾಡನ್ನು ಬಳಸುವ ಚಿತ್ರ ಮತ್ತು ಸಂಗೀತ ಕಂಪನಿಗಳು ಒಂದು ಪಾಲನ್ನು ಹಾಡುಗಾರರ ನಿಧಿಗೆ ಕೊಡಬೇಕೆಂದು ರಾಜ್ಯ ಸರಕಾರ ನಿಯಮ ಮಾಡಬೇಕು, ಕೇಂದ್ರದ ಮೇಲೆ ಕಾಯಿದೆಗಾಗಿ ಒತ್ತಡ ತರಬೇಕು. ಆ ನಿಧಿಯನ್ನು ನಡೆಸುವವರು ಹಾಡುಗಾರರೇ ಆರಿಸಿದವರಾಗಿರಬೇಕು, ಅಧಿಕಾರಿಗಳಲ್ಲ.

ನಾಲ್ಕು: ಸರಕಾರಿ ಉತ್ಸವ, ಮುಜರಾಯಿ ದೇವಸ್ಥಾನಗಳ ಜಾತ್ರೆಗಳಲ್ಲಿ ಹಾಡಿದವರಿಗೆ ಅಂದಿನ ಕೂಲಿ ಅಂದೇ ಸಿಗಬೇಕು. ಶಾಲು ಹೊದಿಸಿ, ಫೋಟೋ ತೆಗೆಸಿ, ಹಣಕ್ಕೆ ಆರು ತಿಂಗಳು ಅಲೆಸುವ ಪದ್ಧತಿ ನಿಲ್ಲಬೇಕು.

ಐದು: ಇದು ಸರಕಾರಕ್ಕಲ್ಲ, ನಮಗೇ. ಸ್ಮೆಥಿಕ್ಕಿನ ಆಳು ತನ್ನ ಮಗಳ ಮದುವೆಗೆ ತನ್ನ ಹಾಡುಗಾರನನ್ನು ಕರೆದು ಕೈತುಂಬ ಕೊಟ್ಟ. ಅದರಿಂದ ಹಾಡು ಉಳಿಯಿತು. ನಮ್ಮ ಮದುವೆಗಳಲ್ಲಿ ಡಿಜೆ ಪೆಟ್ಟಿಗೆಗೆ ಸಾವಿರಾರು ರೂಪಾಯಿ ಸುರಿಯುತ್ತೇವೆ. ತಮಟೆಯವನಿಗೆ ಕೊಡುವಾಗ ಚೌಕಾಸಿ ಮಾಡುತ್ತೇವೆ, ಊಟಕ್ಕೆ ಕಡೆಯ ಪಂಕ್ತಿಯಲ್ಲಿ ಕೂರಿಸುತ್ತೇವೆ. ಡಿಜೆ ಇರಲಿ, ಪಂಜಾಬಿ ಹಾಡೂ ಇರಲಿ, ಮಕ್ಕಳು ಕುಣಿಯಲಿ. ಜೊತೆಗೆ ಊರಿನ ಒಂದು ತಂಡವನ್ನು ಕರೆಯಿರಿ, ಸರಿಯಾದ ಕೂಲಿ ಕೊಡಿ, ಮೊದಲ ಪಂಕ್ತಿಯಲ್ಲಿ ಕೂರಿಸಿ.

ಈ ಐದನೆಯದು ಎಲ್ಲಕ್ಕಿಂತ ಕಷ್ಟವಾದದ್ದೆಂದು ನಮಗೆ ಗೊತ್ತು. ಕಂಪನಿಯ ಅನ್ಯಾಯವನ್ನು ಬಯ್ಯುವುದು ಸುಲಭ. ತಮಟೆ ಹಿಡಿದವನ ಜಾತಿ ನೋಡಿ ದೂರ ನಿಲ್ಲಿಸಿದ ಅನ್ಯಾಯ ನಮ್ಮ ಅಂಗಳದಲ್ಲೇ ನಡೆದದ್ದು. ಪಂಜಾಬಿನ ಗಿರಣಿಯ ದಲಿತ ಹುಡುಗ ಚಮ್ಕೀಲಾನ ಹಾಡಿಗೆ ಕುಣಿಯುವವರು ನಮ್ಮ ಕೇರಿಯ ತಮಟೆಗೆ ಮುಖ ತಿರುಗಿಸಿದರೆ ಅದಕ್ಕಿಂತ ನಾಚಿಕೆಗೇಡು ಬೇರೆಯಿಲ್ಲ.

2025ರ ಮೇ ತಿಂಗಳಲ್ಲಿ ರಾಜ್ಯದ ಸಚಿವ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ನಮ್ಮ ಹಾಲು ಬೆಂಗಳೂರಿಗೆ, ನಮ್ಮ ಕಲ್ಲು ಬೆಂಗಳೂರಿಗೆ, ಹೆಸರೂ ಬೆಂಗಳೂರಿಗೆ. ಹಾಡನ್ನಾದರೂ ನಮ್ಮ ಹೆಸರಿನಲ್ಲಿ, ನಮ್ಮ ತಕ್ಕಡಿಯಲ್ಲಿ ತೂಗಿ ಕಳಿಸೋಣ. ಅದು ಲೋಕ ಸುತ್ತಲಿ, ಬೇಡವೆಂದವರಾರು? ಸುತ್ತಿದ ಮೇಲೆ ಹಾಡಿದವನ ಮನೆಗೆ ಅಕ್ಕಿ ತರಲಿ.

ಆ ಮೊಬೈಲು ಅಂಗಡಿಯ ಹುಡುಗನಿಗೆ ನಾವು ಹೇಳುವುದಿಷ್ಟೆ: ತಮ್ಮಾ, ನಿನ್ನ ಪಂಜಾಬಿ ಹಾಡು ಹಾಕಿಕೋ, ಅದು ನಮ್ಮಂಥ ಆಳುಗಳದೇ ಹಾಡು. ಅದು ಮುಗಿದ ಮೇಲೆ ಎದುರಿಗೆ ಕೂತ ಅಜ್ಜನನ್ನು ಒಳಕ್ಕೆ ಕರೆ. ಕೇಳಿ, ಒಪ್ಪಿಸಿ, ಅವನ ದನಿಯನ್ನು ಅವನ ಹೆಸರಿನಲ್ಲೇ ಮುದ್ರಿಸು. ಆ ಕೆಲಸ ನಿನಗೆ ಬರುತ್ತದೆ, ಅವನಿಗೆ ಬರುವುದಿಲ್ಲ. ನೀವಿಬ್ಬರೂ ಕೂಡಿದ ದಿನ ಸಂಘಕ್ಕೆ ಮೊದಲ ಇಬ್ಬರು ಸದಸ್ಯರು ಸಿಕ್ಕಂತಾಗುತ್ತದೆ.